ನೆಟ್ಟ ಹೂಗಡ್ಡೆ ಉಳಿಸಿಕೊಳ್ಳುವುದು ಹೇಗೆ: ಅಳಿಲು, ಹೆಗ್ಗಣ, ಮುಳ್ಳುಹಂದಿ ಮತ್ತು ಕಾಸರಗೋಡಿನ ಮಳೆ

ಎರಡು ವರ್ಷದ ಹಿಂದೆ, ಮೇ ತಿಂಗಳ ಮೊದಲ ವಾರ. ತುಳಸಿಕಟ್ಟೆಯ ಪಕ್ಕದ ಪಾತಿಯಲ್ಲಿ 60 ಸುಗಂಧರಾಜದ ಗಡ್ಡೆ ನೆಟ್ಟು ನೀರು ಹಾಕಿದ್ದೆ. ಮರುದಿನ ಮಧ್ಯಾಹ್ನ ಬಟ್ಟೆ ಒಣಹಾಕಲು ಅಂಗಳಕ್ಕೆ ಬಂದು ನೋಡಿದರೆ ಸಾಲಿನುದ್ದಕ್ಕೂ ಗುಂಡಿ. ಅಡಿಕೆ ಮರದ ಮೇಲೆ ಅಳಿಲೊಂದು ಬಾಲ ಕುಣಿಸುತ್ತಾ ಚಿಲಿಚಿಲಿ ಎನ್ನುತ್ತಿತ್ತು. ಸಾಕ್ಷಿ ಬೇರೆ ಬೇಕೆ? ಅಂದಿನಿಂದ ಒಂದು ತಿಂಗಳು ನನಗೂ ಅಳಿಲಿಗೂ ಯುದ್ಧ.

ಆಟಿ ತಿಂಗಳು (ಜುಲೈ-ಆಗಸ್ಟ್) ಬಂತು. ಗೇಣುದ್ದ ಬೆಳೆದಿದ್ದ ಗಿಡಗಳು ಒಂದೊಂದಾಗಿ ಮಗುಚಿ ಬೀಳತೊಡಗಿದವು. ಎಳೆದರೆ ಎಲೆಯ ಕಟ್ಟು ಹಾಗೆಯೇ ಕೈಗೆ ಬರುತ್ತಿತ್ತು, ಅಡಿಯಲ್ಲಿ ಗಡ್ಡೆಯೇ ಇಲ್ಲ. ತೋಟದ ಕೆಲಸಕ್ಕೆ ಬರುವ ಅಣ್ಣ ಆ ಜಾಗಕ್ಕೆ ಕೋಲು ಹಾಕಿ ನೋಡಿದರು. ಕೋಲು ಮೊಣಕೈಯುದ್ದ ಒಳಗೆ ಹೋಯಿತು. “ಅಕ್ಕ, ಅಳಿಲು ಮೇಲಿನಿಂದ ತೋಡುವುದು. ಇದು ಅಡಿಯಿಂದ ಬಂದದ್ದು. ಪೆರ್ಗುಡೆ” ಎಂದರು. ತುಳುವಿನಲ್ಲಿ ಪೆರ್ಗುಡೆ ಅಂದರೆ ಹೆಗ್ಗಣ. ಆ ಸುರಂಗ ಹೋಗಿ ಸೇರಿದ್ದು ಬಚ್ಚಲುಮನೆ ಹಿಂದೆ ನಾವೇ ರಾಶಿ ಹಾಕಿದ್ದ ತೆಂಗಿನ ಸಿಪ್ಪೆಯ ಅಡಿಗೆ. ಲೆಕ್ಕ ಹಾಕಿದರೆ ಅಳಿಲು ಕೊಂಡುಹೋದದ್ದು ಎರಡು ಗಡ್ಡೆ, ಹೆಗ್ಗಣ ತಿಂದದ್ದು 30ಕ್ಕೂ ಮಿಕ್ಕಿ.

ಹಾಗಾಗಿ ಬಲೆ ತರಲು ಪೇಟೆಗೆ ಹೊರಡುವ ಮೊದಲು ಕಳ್ಳ ಯಾರೆಂದು ನೋಡಿಕೊಳ್ಳಿ. ಅಳಿಲಿಗೆ ಮಾಡುವ ಉಪಾಯ ಹೆಗ್ಗಣಕ್ಕೆ ನಡೆಯುವುದಿಲ್ಲ, ಹೆಗ್ಗಣದ್ದು ಮುಳ್ಳುಹಂದಿಗೆ ಸಾಲದು. ನಮ್ಮದು ಪೆರ್ಲ ಕಡೆಯ ಗುಡ್ಡದ ಬುಡದ ಅಡಿಕೆ ತೋಟ, ಮೂರೂ ಉಂಟು.

ಗುಂಡಿ ನೋಡಿ ಕಳ್ಳನ ಗುರುತು

ಎರಡು ವಿಷಯ ನೋಡಿ: ಗುಂಡಿಯ ಆಕಾರ ಮತ್ತು ಅದು ಬಿದ್ದ ಹೊತ್ತು.

ಅಳಿಲು ಹಗಲಿನ ಪ್ರಾಣಿ. ಕತ್ತಲಾದ ಮೇಲೆ ಅದಕ್ಕೆ ಹೊರಗೆ ಕೆಲಸವಿಲ್ಲ. ಅದು ತೋಡುವ ಗುಂಡಿ ಚಹಾದ ಲೋಟ ಕೂರುವಷ್ಟು, ಎರಡು ಮೂರು ಇಂಚಿಗಿಂತ ಆಳ ಇರುವುದು ಕಡಿಮೆ. ಗಡ್ಡೆ ಪಕ್ಕದಲ್ಲೇ ಬಿದ್ದಿರುತ್ತದೆ, ಒಂದೆರಡು ಹಲ್ಲಿನ ಗುರುತು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಸುಗಂಧರಾಜದ ಮೇಲೆ ದೊಡ್ಡ ಆಸೆಯೇನೂ ಇಲ್ಲ. ಹೊಸದಾಗಿ ಕೆದಕಿದ ಮೆತ್ತನೆ ಮಣ್ಣು ಕಂಡರೆ ಏನೋ ಹೂತಿಟ್ಟಿದ್ದಾರೆ ಎಂದು ನೋಡುವ ಚಾಳಿ ಅಷ್ಟೇ. ಮಣ್ಣು ಕೂತು ಗಟ್ಟಿಯಾದರೆ, ಸುಮಾರು ಎರಡು ಮೂರು ವಾರದಲ್ಲಿ, ತಾನಾಗಿ ಬಿಟ್ಟುಬಿಡುತ್ತದೆ.

ಹೆಗ್ಗಣದ ಕೆಲಸ ರಾತ್ರಿಯದ್ದು. ಮುಷ್ಟಿ ಹೋಗುವಷ್ಟು ದೊಡ್ಡ ಬಿಲ, ಬಾಯಲ್ಲಿ ಹೊಸ ಮಣ್ಣಿನ ಸಣ್ಣ ಗುಡ್ಡೆ. ಎಷ್ಟೋ ಸಲ ಪಾತಿಯ ಮೇಲೆ ಏನೂ ಕಾಣುವುದಿಲ್ಲ, ಗಿಡ ಬಾಡಿದಾಗಲೇ ಗೊತ್ತಾಗುವುದು. ಬಿಲದಲ್ಲಿ ಈಗ ಒಕ್ಕಲು ಉಂಟೋ ಇಲ್ಲವೋ ತಿಳಿಯಲು ಹಳೆಯ ಉಪಾಯವೊಂದಿದೆ. ಸಂಜೆ ಕಂಡ ಬಿಲದ ಬಾಯಿಯನ್ನೆಲ್ಲ ಹಸಿಮಣ್ಣಿನಿಂದ ಮೆತ್ತಿಬಿಡಿ. ಬೆಳಗ್ಗೆ ಯಾವುದು ತೆರೆದಿರುತ್ತದೋ ಅದೇ ವಾಸದ ಬಿಲ, ಉಳಿದವು ಹಳೆಯವು.

ಮುಳ್ಳುಹಂದಿ ಬಂದರೆ ಅನುಮಾನವೇ ಬೇಡ. ಬಕೆಟ್ ಕೂರುವಷ್ಟು ದೊಡ್ಡ ಹೊಂಡ, ಕಡಿದ ಕಡೆ ಉಳಿಯಿಂದ ಕೆತ್ತಿದಂಥ ಅಗಲ ಹಲ್ಲಿನ ಗುರುತು, ಅದೃಷ್ಟವಿದ್ದರೆ ಒಂದೆರಡು ಮುಳ್ಳು. ತೆಂಗಿನ ಸಸಿಯ ಬುಡ ಕೆರೆದಿದ್ದರೂ ಇದೇ. ಕಾಡುಹಂದಿಯಾದರೆ ಗುಂಡಿಯ ಲೆಕ್ಕ ಇಲ್ಲ, ಇಡೀ ಪಾತಿಗೆ ನೇಗಿಲು ಹಾಕಿದ ಹಾಗೆ ಮೂತಿಯಲ್ಲಿ ಉತ್ತುಬಿಟ್ಟಿರುತ್ತದೆ. ಮೇಲ್ಮಣ್ಣು ಮಾತ್ರ ಹರಡಿ, ಗಡ್ಡೆಗೆ ಪೆಟ್ಟಿಲ್ಲದೆ ಬಿದ್ದಿದ್ದರೆ ಕೋಳಿ ಅಥವಾ ನವಿಲು. ಅವುಗಳಿಗೆ ಬೇಕಾದದ್ದು ಎರೆಹುಳು.

ಇಷ್ಟರಲ್ಲೂ ಗೊತ್ತಾಗದಿದ್ದರೆ ಬೆಳಗ್ಗೆ ಪಾತಿಯ ಸುತ್ತ ಒಲೆಯ ಬೂದಿಯನ್ನು ಜರಡಿ ಹಿಡಿದು ಒಂದು ಗೇಣಗಲ ಹರಡಿ. ಕತ್ತಲಾಗುವಾಗ ಒಮ್ಮೆ ನೋಡಿ, ಮರುದಿನ ಬೆಳಕು ಹರಿಯುವಾಗ ಮತ್ತೊಮ್ಮೆ ನೋಡಿ. ಹೆಜ್ಜೆ ಸಂಜೆಯೇ ಕಂಡರೆ ಹಗಲಿನವರದ್ದು, ಬೆಳಗ್ಗೆ ಮಾತ್ರ ಕಂಡರೆ ರಾತ್ರಿಯವರದ್ದು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಕೊಕ್ಕೋ ಬೆಳೆಯುವವರಿಗೆ ಈ ಲೆಕ್ಕ ಮೊದಲೇ ಗೊತ್ತು. ಕಾಯಿಯ ನಡುವೆ ತೂತು ಮಾಡಿದರೆ ಅಳಿಲು, ತೊಟ್ಟಿನ ಹತ್ತಿರ ಕಡಿದರೆ ಇಲಿ ಎಂದು ನೋಡಿಯೇ ಹೇಳುತ್ತಾರೆ. ಹೂವಿನ ಪಾತಿಗೂ ಅದೇ ಕಣ್ಣು ಬೇಕು.

ಯಾವ ಗಡ್ಡೆಗೆ ಕಾವಲು, ಯಾವುದಕ್ಕೆ ಬೇಡ

ಎಲ್ಲ ಗಡ್ಡೆಗೂ ಬಲೆ ಹಾಕುತ್ತಾ ಕೂರಬೇಕಾಗಿಲ್ಲ. ಅಮರಿಲ್ಲಿಸ್, ಮಳೆ ಬೀಳುತ್ತಲೇ ಅರಳುವ ರೈನ್ ಲಿಲ್ಲಿ, ಬಿಳಿ ಜೇಡದಂಥ ಸ್ಪೈಡರ್ ಲಿಲ್ಲಿ, ಮೇ ತಿಂಗಳಲ್ಲಿ ಕೆಂಪು ಚೆಂಡಾಗಿ ಅರಳುವ ಫುಟ್‌ಬಾಲ್ ಲಿಲ್ಲಿ ಎಲ್ಲ ಒಂದೇ ಕುಟುಂಬದವು. ಇವುಗಳ ಗಡ್ಡೆಯಲ್ಲಿ ಲೈಕೋರಿನ್ ಮೊದಲಾದ ಕಹಿ ವಿಷಗಳಿವೆ. ಇಲಿ, ಅಳಿಲು ಒಮ್ಮೆ ಕಚ್ಚಿದರೆ ಎರಡನೇ ಸಲ ಬರುವುದು ಅಪರೂಪ. ಹೊಸ ಮಣ್ಣೆಂದು ಅಳಿಲು ಕಿತ್ತು ಬಿಸಾಡಬಹುದು, ಹೆಕ್ಕಿ ಮತ್ತೆ ನೆಟ್ಟರಾಯಿತು. ಇವುಗಳ ವೈರಿ ಬೇರೆ, ಮುಂದೆ ಹೇಳುತ್ತೇನೆ.

ಗೌರಿ ಹೂವಿನ ಗಡ್ಡೆ ಇನ್ನೂ ಅಪಾಯ. ಕಾಲ್ಚಿಸಿನ್ ಎಂಬ ವಿಷ ಇರುವುದರಿಂದ ಸ್ವಲ್ಪ ಹೊಟ್ಟೆಗೆ ಹೋದರೂ ಮನುಷ್ಯನ ಜೀವಕ್ಕೆ ಸಂಚಕಾರ. ಮಕ್ಕಳಿರುವ ಮನೆಯಲ್ಲಿ ಅಂಗಳದ ಬದಿಗೆ ಬೇಡ. ತೋಟದ ಬೇಲಿಯಲ್ಲಿ ತಾನಾಗಿ ಹುಟ್ಟಿದ್ದರೆ ಅಲ್ಲೇ ಚಂದ.

ಕಾವಲು ನಿಜವಾಗಿ ಬೇಕಾದದ್ದು ಸುಗಂಧರಾಜ, ಗ್ಲ್ಯಾಡಿಯೋಲಸ್, ಡೇಲಿಯ, ಕ್ಯಾನಾ, ಕ್ಯಾಲೇಡಿಯಂಗಳಿಗೆ. ಡೇಲಿಯದ ಗೆಡ್ಡೆ ಅಂದರೆ ಇಲಿಗೆ ಗೆಣಸೇ ಸರಿ.

ನಡುವೆ ಒಂದು ಮಾತು. ಆನ್‌ಲೈನಿನಲ್ಲಿ ಟುಲಿಪ್ ಗಡ್ಡೆ ಮಾರುತ್ತಾರೆ, ಚಿತ್ರ ನೋಡಿ ನಾನೂ ತರಿಸಿದ್ದೆ. ಟುಲಿಪ್ ಹೂಬಿಡಬೇಕಾದರೆ ಮೂರು ನಾಲ್ಕು ತಿಂಗಳು ಚಳಿಯಲ್ಲಿ ಮಲಗಬೇಕು. ನಮ್ಮ ಡಿಸೆಂಬರಿನ ಚಳಿಗೆ ಕಂಬಳಿ ಹೊದೆಯಲು ನಮಗೇ ನಾಚಿಕೆಯಾಗುತ್ತದೆ, ಟುಲಿಪ್ ಎಲ್ಲಿ ಮಲಗುವುದು! ಆ ಹಣಕ್ಕೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬಂದ ಸುಗಂಧರಾಜದ ತಳಿಗಳಾದ ಪ್ರಜ್ವಲ್ ಅಥವಾ ಶೃಂಗಾರ್ ಗಡ್ಡೆ ಬೇಕಾದಷ್ಟು ಬರುತ್ತದೆ.

ನೆಡುವ ಹೊತ್ತು ಮತ್ತು ಆಳ

ತುಳುನಾಡಿನ ಪತ್ತನಾಜೆ ದಿನಕ್ಕೆ ಹತ್ತು ಹನಿ ಬೀಳಬೇಕು ಎಂಬ ಮಾತುಂಟಲ್ಲ, ಮೇ 24, 25ರ ಸುಮಾರಿಗೆ. ಸುಗಂಧರಾಜ ಅದಕ್ಕಿಂತ ಮೂರು ನಾಲ್ಕು ವಾರ ಮೊದಲೇ ಮಣ್ಣಿನೊಳಗೆ ಇರಬೇಕು. ಜೂನಿನ ಜಡಿಮಳೆ ಶುರುವಾಗುವಾಗ ಬೇರು ಹಿಡಿದು ಎಲೆ ಬಂದಿದ್ದರೆ ಗಡ್ಡೆ ಕೊಳೆಯುವುದೂ ಕಡಿಮೆ, ಅಳಿಲಿನ ಉಪದ್ರವದ ದಿನಗಳೂ ಕಳೆದಿರುತ್ತವೆ. ಮಳೆ ಹಿಡಿದ ಮೇಲೆ ನೆಟ್ಟರೆ ಎರಡು ಕಡೆಯಿಂದಲೂ ನಷ್ಟ. ಡೇಲಿಯ, ಗ್ಲ್ಯಾಡಿಯೋಲಸ್‌ಗಳನ್ನು ಮಳೆ ಬಿಟ್ಟ ಮೇಲೆ, ನವರಾತ್ರಿಯ ಹೊತ್ತಿಗೆ ನೆಡಿ.

ಆಳ ಹೆಚ್ಚಿಸಿದರೆ ಅಳಿಲಿಗೆ ಸಿಗುವುದಿಲ್ಲ ಎಂದು ಕೆಲವರು ಮೊಳದುದ್ದ ಗುಂಡಿ ತೆಗೆಯುತ್ತಾರೆ. ಹೊರದೇಶದ ಮರಳುಮಣ್ಣಿನಲ್ಲಿ ಸರಿಯಿರಬಹುದು. ಇಲ್ಲಿನ ಮುರಮಣ್ಣಿನಲ್ಲಿ ಆಳಕ್ಕೆ ಹೋದಷ್ಟೂ ನೀರು ನಿಲ್ಲುತ್ತದೆ, ಗಡ್ಡೆ ಕೊಳೆಯುತ್ತದೆ. ಸುಗಂಧರಾಜ, ರೈನ್ ಲಿಲ್ಲಿ, ಕ್ಯಾಲೇಡಿಯಂಗೆ ಎರಡು ಇಂಚು ಮಣ್ಣು ಸಾಕು. ಗ್ಲ್ಯಾಡಿಯೋಲಸ್‌ಗೆ ಮೂರು, ಡೇಲಿಯಕ್ಕೆ ಮೂರರಿಂದ ನಾಲ್ಕು. ಅಮರಿಲ್ಲಿಸ್‌ನ ಕತ್ತು ಮಣ್ಣಿನ ಮೇಲೆ ಕಾಣುತ್ತಿರಬೇಕು.

ನೆಡುವ ಗುಂಡಿಗೆ ಎಲುಬಿನ ಪುಡಿ, ಮೀನುಗೊಬ್ಬರ, ಕಡಲೆಹಿಂಡಿ ಹಾಕಬೇಡಿ. ಅವು ಗಿಡಕ್ಕೆ ಒಳ್ಳೆಯದೇ, ಆದರೆ ಊರಿನ ನಾಯಿ, ಇಲಿ, ಕಾಡುಹಂದಿಗಳಿಗೆಲ್ಲ ಊಟದ ಆಮಂತ್ರಣ ಕೊಟ್ಟ ಹಾಗೆ. ಹಳೆಯ ಹಟ್ಟಿಗೊಬ್ಬರ, ಸುಡುಮಣ್ಣು, ಒಂದು ಮುಷ್ಟಿ ಬೇವಿನ ಹಿಂಡಿ ಸಾಕು. ಗಡ್ಡೆಯ ಒಣ ಸಿಪ್ಪೆ ಸುಲಿದಿದ್ದರೆ ಅದನ್ನೂ ಪಾತಿಯ ಬಳಿ ಬಿಡದೆ ಗುಡಿಸಿ ತೆಗೆಯಿರಿ, ಅದರ ವಾಸನೆಗೂ ಬರುತ್ತವೆ.

ಅಳಿಲಿಗೆ: ಮಣ್ಣು ಮುಚ್ಚಿದರೆ ಸಾಕು

ಅಳಿಲಿಗೆ ಬೇಕಾದದ್ದು ಮೆತ್ತನೆ ಮಣ್ಣು ಎಂದ ಮೇಲೆ, ಅದು ಕಾಣದ ಹಾಗೆ ಮಾಡಿದರೆ ಮುಗಿಯಿತು. ನೆಟ್ಟ ಕೂಡಲೇ ಅಂಗೈಯಿಂದ ಮಣ್ಣು ಒತ್ತಿ, ನೀರು ಹಾಕಿ ಕೂರಿಸಿ. ಮೇಲೆ ಕೆಂಪುಕಲ್ಲಿನ ಚೂರನ್ನು ಎರಡು ಇಂಚು ಹರಡಿ. ಮನೆ ಕಟ್ಟುವಲ್ಲಿ ಕಲ್ಲು ಕೆತ್ತಿದ ಚೂರು ರಾಶಿ ಬಿದ್ದಿರುತ್ತದೆ, ಕೇಳಿದರೆ ಬೇಡವೆನ್ನುವವರಿಲ್ಲ. ಅಡಿಕೆಯ ಸೋಗೆಯನ್ನು ಎರಡು ಪದರ ಅಡ್ಡಡ್ಡ ಹಾಸಿ ಮೇಲೆ ಭಾರಕ್ಕೆ ಕಲ್ಲಿಟ್ಟರೂ ನಡೆಯುತ್ತದೆ, ಮೊಳಕೆ ಕಂಡ ದಿನ ತೆಗೆಯಲು ಮರೆಯಬಾರದು ಅಷ್ಟೇ.

ಕಡಿಮೆ ಗಡ್ಡೆ ನೆಡುವವರಿಗೆ ನನ್ನ ಉಪಾಯ ಗೆರಟೆ. ತೆಂಗಿನಕಾಯಿ ಒಡೆದಾಗ ಮೂರು ಕಣ್ಣಿರುವ ಹೋಳನ್ನು ಎತ್ತಿಡಿ. ಮೂರರಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ, ಮೊಳಕೆ ಬರುವುದು ಅದರಲ್ಲಿಯೇ. ಅದಕ್ಕೆ ಚೂರಿಯ ಮೊನೆ ಹಾಕಿ ತಿರುಗಿಸಿದರೆ ಕಿರುಬೆರಳು ಹೋಗುವಷ್ಟು ತೂತು ಸುಲಭದಲ್ಲಿ ಆಗುತ್ತದೆ, ಬೇಕಿದ್ದರೆ ಇನ್ನಷ್ಟು ಅಗಲಿಸಿ. ಗಡ್ಡೆ ನೆಟ್ಟು ಅದರ ಮೇಲೆ ಗೆರಟೆ ಕವುಚಿ, ಅಂಚು ಒಂದು ಇಂಚು ಮಣ್ಣಿಗೆ ಇಳಿಯುವ ಹಾಗೆ ಒತ್ತಿ. ಸುಗಂಧರಾಜದ ಮೊಳಕೆ ಆ ಕಣ್ಣಿನಿಂದಲೇ ಹಸಿರು ಸೂಜಿಯ ಹಾಗೆ ಹೊರಗೆ ಬರುತ್ತದೆ. ನಾಲ್ಕು ಎಲೆ ಆದ ಮೇಲೆ ಗೆರಟೆಗೆ ಕತ್ತಿಯ ಹಿಂಬದಿಯಿಂದ ಒಂದು ಪೆಟ್ಟು ಕೊಟ್ಟು ಎರಡು ಹೋಳು ಮಾಡಿ ತೆಗೆದರಾಯಿತು. ತೆಗೆದದ್ದನ್ನು ಅಂಗಾತ ಇಡಬೇಡಿ, ಮಳೆನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುತ್ತದೆ. ಆಶಾ ಕಾರ್ಯಕರ್ತೆಯಿಂದ ಬೈಸಿಕೊಂಡದ್ದು ನನಗೆ ನೆನಪಿದೆ.

ಚಟ್ಟಿಯಲ್ಲಿ ಬೆಳೆಸುವವರು ಬಾಯಿಯ ಅಳತೆಗೆ ಒಂದು ಇಂಚಿನ ಕೋಳಿಬಲೆ ಕತ್ತರಿಸಿ ಮಣ್ಣಿನ ಮೇಲೆ ಮಲಗಿಸಿ, ಅಂಚನ್ನು ಒಳಕ್ಕೆ ಮಡಚಿ. ಅಳಿಲಿಗೆ ಅಷ್ಟೇ ಸಾಕು.

ಹೆಗ್ಗಣಕ್ಕೆ: ಕಲ್ಲಿನ ಪೆಟ್ಟಿಗೆ

ಇಲ್ಲಿ ಮಾತ್ರ ಸ್ವಲ್ಪ ಬೆವರು ಸುರಿಸಬೇಕು. ಅಡಿಯಿಂದ ಬರುವವನಿಗೆ ಮೇಲಿನ ಮುಚ್ಚಳದಿಂದ ಏನೂ ಆಗುವುದಿಲ್ಲ. ಅಡಿಗೇ ಬಲೆ ಬೇಕು.

ಬಲೆ ತರುವಾಗ ಕೋಳಿಗೂಡಿನ ಆರುಮೂಲೆಯ ತೆಳು ಬಲೆ ಬೇಡ. ಅದರ ಕಣ್ಣು ದೊಡ್ಡದು, ಸಣ್ಣ ಇಲಿ ನುಸುಳುತ್ತದೆ, ನಮ್ಮ ಹುಳಿಮಣ್ಣಿನಲ್ಲಿ ಎರಡು ಮೂರು ಮಳೆಗಾಲಕ್ಕೆ ತುಕ್ಕು ಹಿಡಿದು ಪುಡಿಯಾಗುತ್ತದೆ. ಅರ್ಧ ಇಂಚು ಕಣ್ಣಿನ, ಕಲಾಯಿ ಹಾಕಿದ ವೆಲ್ಡ್ ಮೆಶ್ ಕೇಳಿ ತನ್ನಿ. ಪ್ಲಾಸ್ಟಿಕ್ ಬಲೆ, ಹಣ್ಣಿನ ಪ್ಲಾಸ್ಟಿಕ್ ಕ್ರೇಟ್ ಎರಡೂ ಹೆಗ್ಗಣಕ್ಕೆ ಒಂದು ರಾತ್ರಿಯ ಕೆಲಸ. ನನ್ನ ಒಂದು ಕ್ರೇಟಿಗೆ ಮುಷ್ಟಿಯಷ್ಟು ತೂತು ಮಾಡಿ ಡೇಲಿಯ ಕೊಂಡುಹೋಗಿದೆ.

ಮೂರು ಅಡಿ ಅಗಲ, ಆರು ಅಡಿ ಉದ್ದದ ಪಾತಿ ಅಂದುಕೊಳ್ಳಿ. ಮೂರಕ್ಕಿಂತ ಅಗಲ ಮಾಡಿದರೆ ಕಳೆ ಕೀಳಲು ನಡುವಿಗೆ ಕೈ ಎಟಕುವುದಿಲ್ಲ. ಮೊದಲು ಅಷ್ಟು ಜಾಗವನ್ನು ನಾಲ್ಕು ಬೆರಳಿನಷ್ಟು ಕೆತ್ತಿ ಸಮ ಮಾಡಿ. ಅಲ್ಲಿ ಹಳೆಯ ಬಿಲ ಇದ್ದರೆ ಕಲ್ಲಿನ ಚೂರು, ಮಣ್ಣು ತುಂಬಿಸಿ ಹಾರೆಯ ತಲೆಯಿಂದ ಗುದ್ದಿ ಮುಚ್ಚಿ.

ಬಲೆಯನ್ನು ಪಾತಿಗಿಂತ ಸುತ್ತಲೂ ಒಂದೂಕಾಲು ಅಡಿ ದೊಡ್ಡದಾಗಿ ಕತ್ತರಿಸಿ. ಕೈಗವಸು ಹಾಕಿಕೊಳ್ಳಿ, ಕತ್ತರಿಸಿದ ತಂತಿಯ ತುದಿ ಚರ್ಮ ಸೀಳುತ್ತದೆ. ನೆಲಕ್ಕೆ ಹಾಸಿ, ನಾಲ್ಕು ಬದಿಯನ್ನೂ ತಟ್ಟೆಯ ಅಂಚಿನ ಹಾಗೆ ಮೇಲಕ್ಕೆ ಮಡಚಿ. ಎರಡು ತುಂಡು ಜೋಡಿಸುವುದಾದರೆ ಒಂದರ ಮೇಲೆ ಒಂದು ನಾಲ್ಕು ಇಂಚು ಬರಬೇಕು, ಜೋಡಿಸಿದಲ್ಲಿ ಗೇಣಿಗೊಂದರಂತೆ ತಂತಿ ಕಟ್ಟಬೇಕು. ಮೂಲೆಯಲ್ಲಿ ಸಂದು ಬಿಡಬೇಡಿ. ನನ್ನ ಮೊದಲ ಪಾತಿಯಲ್ಲಿ ಒಂದು ಮೂಲೆ ಕಟ್ಟದೆ ಬಿಟ್ಟಿದ್ದೆ, ಆರು ಗಡ್ಡೆ ಹೋದದ್ದು ಅಲ್ಲಿಂದಲೇ.

ಮಡಚಿದ ಬಲೆಯ ಹೊರಗೆ ಒಂದು ಸಾಲು ಕೆಂಪುಕಲ್ಲು ಇಡಿ. ಒಡೆದ ಕಲ್ಲಾದರೂ ಸರಿ, ಸಿಮೆಂಟು ಬೇಡ. ಬಲೆಯ ಅಂಚು ಕಲ್ಲಿನ ಮೇಲೆ ನಾಲ್ಕು ಇಂಚು ಎದ್ದು ನಿಲ್ಲಲಿ, ಅದನ್ನು ಹೊರಕ್ಕೆ ಬಾಗಿಸಿ. ಹತ್ತಲು ಬಂದ ಇಲಿಗೆ ಆ ಬಾಗು ತೊಡಕಾಗುತ್ತದೆ. ಎತ್ತರದ ಪಾತಿಯಿಂದ ಇನ್ನೊಂದು ಉಪಕಾರ ಉಂಟು: ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ನೀರು ಬಸಿದು ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಜ ಹೇಳಬೇಕೆಂದರೆ ಪ್ರಾಣಿಗಳೆಲ್ಲ ಸೇರಿ ತಿನ್ನುವುದಕ್ಕಿಂತ ಹೆಚ್ಚು ಗಡ್ಡೆ ಇಲ್ಲಿ ನೀರಿಗೆ ಕೊಳೆಯುತ್ತದೆ. ಕೊಳೆತು ಮಾಯವಾದದ್ದಕ್ಕೂ ಹೆಗ್ಗಣದ ಹೆಸರು ಬರುತ್ತದೆ.

ಒಳಗೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಹಳೆಯ ಹಟ್ಟಿಗೊಬ್ಬರ. ಗಡ್ಡೆ ಮತ್ತು ಅಡಿಯ ಬಲೆಯ ನಡುವೆ ಕನಿಷ್ಠ ನಾಲ್ಕೈದು ಇಂಚು ಮಣ್ಣು ಇರಲಿ. ಬೇರು ಬಲೆಯ ಕಣ್ಣಿನಿಂದ ಕೆಳಗೆ ಇಳಿಯುತ್ತದೆ, ಚಿಂತೆ ಬೇಡ. ಸುಗಂಧರಾಜದ ಗಡ್ಡೆಗಳ ನಡುವೆ ಒಂದು ಗೇಣು ಬಿಡಿ. ಮೇಲೆ ಅಳಿಲಿಗಾಗಿ ಬಲೆ ಹಾಸುವುದಾದರೆ ಅದರ ಕಣ್ಣು ಒಂದು ಇಂಚಿನದ್ದಿರಲಿ, ಅರ್ಧ ಇಂಚಿನದ್ದು ಬೇಡ. ದಪ್ಪ ಮೊಳಕೆ ಅದರಲ್ಲಿ ಸಿಕ್ಕಿಕೊಂಡು ಕತ್ತು ಹಿಸುಕಿದ ಹಾಗೆ ಆಗುತ್ತದೆ.

ಬಲೆಯ ಜೊತೆಗೆ ಹೆಗ್ಗಣದ ಮನೆಯನ್ನೂ ಖಾಲಿ ಮಾಡಿಸಬೇಕು. ಸಿಪ್ಪೆ ರಾಶಿ, ಸೌದೆ ರಾಶಿ, ಹಳೆ ಹಂಚಿನ ರಾಶಿಗಳನ್ನು ಪಾತಿಯಿಂದ ದೂರ ಸಾಗಿಸಿ. ಸೌದೆಯನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ ಪೇರಿಸಿ. ಮುಸುರೆ, ಕೋಳಿಯ ಅಕ್ಕಿ ರಾತ್ರಿ ಹೊರಗೆ ಉಳಿಯಬಾರದು.

ಬೋನು ಇಡುವವರು ಸುಟ್ಟ ತೆಂಗಿನಕಾಯಿ ತುಂಡು ಅಥವಾ ಒಣಮೀನು ಕಟ್ಟಿ. ಮೊದಲ ಎರಡು ಮೂರು ರಾತ್ರಿ ಬಾಗಿಲು ಬೀಳದ ಹಾಗೆ ಕಟ್ಟಿಟ್ಟು ತಿನ್ನಲು ಬಿಡಿ, ಧೈರ್ಯ ಬಂದ ಮೇಲೆ ಬಾಗಿಲು ಬಿಚ್ಚಿ. ಇಡುವುದು ಅಂಗಳದ ನಡುವಲ್ಲ, ಗೋಡೆಯ ಬದಿಗೆ. ಇಲಿ ಗೋಡೆ ಹಿಡಿದೇ ಓಡಾಡುವುದು. ಮಳೆಗಾಲದಲ್ಲಿ ಬೋನು, ಬಿಲ, ಕೆಸರು ಮುಟ್ಟುವಾಗ ಕೈಗವಸು ಮತ್ತು ಬೂಟು ಕಡ್ಡಾಯ. ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಕೆಸರಿನಲ್ಲಿ ಕೆಲಸ ಮಾಡಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ ನುಂಗಿ ಕೂರದೆ ಡಾಕ್ಟರ ಹತ್ತಿರ ಹೋಗಿ, ಮಣ್ಣಿನ ಕೆಲಸ ಮಾಡಿದ್ದೆ ಎಂದು ಹೇಳಿ.

ವಿಷ ಏಕೆ ಬೇಡ

ಅಂಗಡಿಯಲ್ಲಿ ಇಲಿಪಾಷಾಣ ಸಿಗುತ್ತದೆ, ಕೆಲಸವೂ ಮಾಡುತ್ತದೆ. ಆದರೆ ವಿಷ ತಿಂದ ಇಲಿ ಬಿಲದೊಳಗೇ ಸಾಯುತ್ತದೆ ಎಂಬ ಭರವಸೆ ಇಲ್ಲ. ಅಂಗಳದಲ್ಲಿ ತೂರಾಡುವುದನ್ನು ಬೆಕ್ಕು ಹಿಡಿಯುತ್ತದೆ, ಗೂಬೆ ಹಿಡಿಯುತ್ತದೆ, ಕೇರೆ ಹಾವು ನುಂಗುತ್ತದೆ. ದುಡ್ಡು ಕೇಳದೆ ನಮ್ಮ ಕೆಲಸ ಮಾಡುತ್ತಿದ್ದವರನ್ನು ನಾವೇ ಕೊಂದ ಹಾಗೆ. ಕೇರೆ ಹಾವು ಒಂದು ಇದ್ದ ವರ್ಷ ನನ್ನ ಪಾತಿಗೆ ಹೆಗ್ಗಣ ಬರಲಿಲ್ಲ.

ಇದನ್ನು ನಮ್ಮೂರಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಎಣ್ಮಕಜೆ ಮತ್ತು ಸುತ್ತಲಿನ ಗೋಡಂಬಿ ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದ ಹೊತ್ತಿಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ಆ ವಿಷದಿಂದ ನರಳುವ ಮಕ್ಕಳನ್ನು ಎತ್ತಿಕೊಂಡು ವೈದ್ಯಕೀಯ ಶಿಬಿರಕ್ಕೆ ಹೋಗುವ ತಾಯಂದಿರು ಇವತ್ತಿಗೂ ನಮ್ಮ ಬಸ್ಸಿನಲ್ಲೇ ಕೂರುತ್ತಾರೆ. ಬಾವಿಯ ನೀರು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವ ನಾವು ಹತ್ತು ಹೂವಿಗಾಗಿ ಮಣ್ಣಿಗೆ ವಿಷ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಮುಳ್ಳುಹಂದಿ, ಕಾಡುಹಂದಿ ಬರುವ ಕಡೆ

ಇವೆರಡಕ್ಕೆ ಪಾತಿಯ ಕಾವಲು ಸಾಲದು, ಬೇಲಿಯೇ ಬೇಕು. ಮುಳ್ಳುಹಂದಿ ಹತ್ತುವುದಿಲ್ಲ, ತೋಡುತ್ತದೆ. ಹಾಗಾಗಿ ಎರಡು ಅಡಿ ಎತ್ತರದ ದಪ್ಪ ತಂತಿಯ ಬಲೆ ಅಥವಾ ಹಳೆಯ ತಗಡಿನ ಶೀಟು ಸಾಕು, ಆದರೆ ಒಂದು ಅಡಿ ಮಣ್ಣಿನೊಳಗೆ ಹೋಗಬೇಕು, ಬುಡಕ್ಕೆ ಹೊರಗಿನಿಂದ ಕಲ್ಲು ಒತ್ತಬೇಕು. ಮನೆಯ ಜಗಲಿಗೆ ಹತ್ತಿರ, ರಾತ್ರಿ ದೀಪ ಉರಿಯುವ ಕಡೆ ಪಾತಿ ಮಾಡಿದರೆ ಅರ್ಧ ತೊಂದರೆ ಕಡಿಮೆ.

ಕಾಡುಹಂದಿಗೆ ಹಳೆ ಸೀರೆಯನ್ನು ಸುತ್ತ ಕಟ್ಟುವ ಪದ್ಧತಿ ನಮ್ಮ ಕಡೆ ಎಲ್ಲ ತೋಟದಲ್ಲೂ ಕಾಣುತ್ತದೆ. ಕೆಲವು ವಾರ ಅಂಜುತ್ತವೆ, ಆಮೇಲೆ ಸೀರೆಯ ಅಡಿಯಿಂದಲೇ ಬರುತ್ತವೆ. ಗಡ್ಡೆ ಮೊಳಕೆ ಬರುವ ಆ ಕೆಲವು ವಾರಕ್ಕೆ ಉಪಯೋಗ ಎಂದು ಇಟ್ಟುಕೊಳ್ಳಿ. ಉರುಳು, ಸಿಡಿಮದ್ದು, ಬೇಲಿಗೆ ನೇರ ಕರೆಂಟು ಮೂರೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವಿಷಯ ಹಾಗಿರಲಿ, ಬೇಲಿಯ ಕರೆಂಟಿಗೆ ಸಿಕ್ಕಿ ಸತ್ತ ಮನುಷ್ಯರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಹಂದಿಯ ಕಾಟ ವಿಪರೀತವಾದರೆ ಪಂಚಾಯತಿಗೆ, ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಮೆಣಸಿನ ಪುಡಿ, ಕೂದಲು, ಹಿಂಗು

ಎಲ್ಲರೂ ಕೇಳುವ ಪ್ರಶ್ನೆ ಇದು, ಉತ್ತರ ಚಿಕ್ಕದು. ಮೆಣಸಿನ ಪುಡಿ ಎರಚಿದರೆ ಬೇಸಿಗೆಯಲ್ಲಿ ನಾಲ್ಕೈದು ದಿನ ಅಳಿಲು ದೂರ ಇರುತ್ತದೆ. ಒಂದು ಮಳೆ ಬಂದರೆ ಮೆಣಸೂ ಇಲ್ಲ, ಹಿಂಗೂ ಇಲ್ಲ. ಕ್ಷೌರದಂಗಡಿಯ ಕೂದಲು ಸ್ವಲ್ಪ ದಿನ ಹೆಚ್ಚು ಬರುತ್ತದೆ, ಆಮೇಲೆ ಕಳೆ ಕೀಳುವಾಗ ಬೆರಳಿಗೆ ಸುತ್ತಿಕೊಳ್ಳುತ್ತದೆ. ಹೊಳೆಯುವ ಸಿಡಿ ನೇತು ಹಾಕಿದ್ದೆ, ಮೂರನೇ ದಿನ ಅದರ ದಾರದ ಮೇಲೆಯೇ ಅಳಿಲು ಇಳಿದು ಬಂತು.

ಹುಳು ಮತ್ತು ಬಸವನಹುಳು

ಪ್ರಾಣಿ ಮುಟ್ಟದ ಅಮರಿಲ್ಲಿಸ್, ಫುಟ್‌ಬಾಲ್ ಲಿಲ್ಲಿ, ಗೌರಿ ಹೂವುಗಳ ನಿಜವಾದ ವೈರಿ ಕಪ್ಪು ಮೈಗೆ ಬಿಳಿ ಚುಕ್ಕೆ, ನಡುನಡುವೆ ಕೆಂಪು ಇರುವ ಕಂಬಳಿಹುಳುವಿನಂಥ ಹುಳು. ಲಿಲ್ಲಿ ಪತಂಗದ ಮರಿ ಇದು. ಗಡ್ಡೆಯ ವಿಷ ಇದಕ್ಕೆ ಏನೂ ಮಾಡುವುದಿಲ್ಲ. ಮೊದಲ ಮಳೆಗಳ ನಂತರ ಪತಂಗ ಎಲೆಯ ಅಡಿಭಾಗದಲ್ಲಿ ಗುಂಪಾಗಿ ಮೊಟ್ಟೆ ಇಡುತ್ತದೆ. ಮರಿಗಳು ಗುಂಪಿನಲ್ಲಿ ಎಲೆ ತಿಂದು, ಕಾಂಡದೊಳಗೆ ಇಳಿದು, ಗಡ್ಡೆಯ ಕತ್ತಿನವರೆಗೂ ಹೋಗುತ್ತವೆ. ಎರಡು ದಿನ ನೋಡದೆ ಇದ್ದರೆ ಎಲೆಯ ಜಾಗದಲ್ಲಿ ಹಸಿರು ಲೋಳೆ ಮಾತ್ರ. ಮೊಟ್ಟೆ ಇರುವ ಎಲೆಯನ್ನೇ ಕತ್ತರಿಸಿ ಸಾಬೂನು ನೀರಿಗೆ ಹಾಕುವುದು ಎಲ್ಲಕ್ಕಿಂತ ಸುಲಭ. ಹುಳು ಆಗಲೇ ಹರಡಿದ್ದರೆ ಲೀಟರು ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ಕರಗಿಸಿ, ಮಳೆ ಬಿಟ್ಟ ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ.

ಆಫ್ರಿಕನ್ ಬಸವನಹುಳು ಬಂದ ಊರಿನವರಿಗೆ ಅದರ ಕಾಟ ಗೊತ್ತು. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಉಪಾಯ. ಸಂಜೆ ಒದ್ದೆ ಗೋಣಿಚೀಲದ ಅಡಿಯಲ್ಲಿ ಪಪ್ಪಾಯಿ ಎಲೆ ಇಟ್ಟರೆ ಒಂದೇ ಕಡೆ ಸೇರುತ್ತವೆ. ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕಿ. ಪಾತಿಗೇ ಉಪ್ಪು ಎರಚಿದರೆ ಹುಳುವಿನ ಜೊತೆ ಗಡ್ಡೆಯೂ ಹೋಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಮೆದುಳಿನ ಪೊರೆಗೆ ರೋಗ ತರುವ ಪರಾವಲಂಬಿ ಹುಳು ಇದರ ಮೈಯಲ್ಲಿ ಇರಬಹುದು. ಮಕ್ಕಳಿಗೆ ವಿಶೇಷವಾಗಿ ಹೇಳಿ.

ಅದೇ ಪಾತಿಯಲ್ಲಿ ವರ್ಷ ವರ್ಷ ಸುಗಂಧರಾಜ ನೆಟ್ಟರೆ ಬೇರಿಗೆ ಗಂಟುಹುಳು ಸೇರುತ್ತದೆ. ಮೂರು ವರ್ಷಕ್ಕೊಮ್ಮೆ ಸುಗಂಧರಾಜದ ಬದಲು ಆ ಪಾತಿಗೆ ಗೊಂಡೆಹೂವಿನ ಗಿಡ ಹಾಕಿ.

ಕಿತ್ತಿಡುವಾಗ

ಇಷ್ಟೆಲ್ಲ ಮಾಡಿ, ಕಡೆಗೆ ಅಟ್ಟದ ಮೇಲೆ ಇಟ್ಟ ಗಡ್ಡೆಯನ್ನು ಇಲಿಗೆ ಕೊಟ್ಟವರು ಬಹಳ ಜನ. ಡೇಲಿಯದ ಗೆಡ್ಡೆಯನ್ನು ಗಿಡ ಒಣಗಿದ ಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ ಕೀಳಿ. ಹಾರೆ ಬುಡಕ್ಕೆ ಹಾಕಬೇಡಿ, ಒಂದು ಅಡಿ ದೂರದಿಂದ ಮಣ್ಣು ಸಡಿಲಿಸಿ. ಮಣ್ಣು ಉದುರಿಸಿ, ತೊಳೆಯದೆ, ನೆರಳಿನಲ್ಲಿ ಒಂದು ವಾರ ಒಣಗಿಸಿ. ಹಾರೆಯ ಪೆಟ್ಟು ತಾಗಿದ್ದು, ಮೆತ್ತಗಾದದ್ದು ಬೇರೆ ಮಾಡಿ, ಒಂದು ಕೊಳೆತರೆ ಚೀಲವೇ ಕೊಳೆಯುತ್ತದೆ. ಉಳಿದವಕ್ಕೆ ಒಲೆಯ ಬೂದಿ ಸವರಿ.

ಇಡಲು ಹಳೆಯ ಬಿಸ್ಕೆಟ್ ಡಬ್ಬ ತೆಗೆದುಕೊಳ್ಳಿ. ಮುಚ್ಚಳಕ್ಕೂ ಬದಿಗೂ ಮೊಳೆಯಿಂದ ತೂತು ಹೊಡೆಯಿರಿ, ಒಣ ಹೊಯಿಗೆ ಒಂದು ಪದರ, ಗೆಡ್ಡೆ ಒಂದು ಪದರ ಎಂದು ತುಂಬಿಸಿ, ಅಟ್ಟದ ಅಡ್ಡೆಗೆ ತಂತಿಯಲ್ಲಿ ನೇತು ಹಾಕಿ. ಹಗ್ಗ ಬೇಡ, ಹಗ್ಗದಲ್ಲಿ ಇಲಿ ಇಳಿಯುತ್ತದೆ, ಕಡಿಯುತ್ತದೆ ಕೂಡ. ಡಬ್ಬದ ಮೇಲೆ ಹೂವಿನ ಹೆಸರು, ಬಣ್ಣ ಬರೆದಿಡಿ. ಅಮರಿಲ್ಲಿಸ್ ಗಡ್ಡೆಯನ್ನು ಮಾತ್ರ ಅಡುಗೆಮನೆಯ ಹತ್ತಿರ ತರಲೇಬೇಡಿ, ನೋಡಲು ಥೇಟ್ ನೀರುಳ್ಳಿಯ ಹಾಗೆಯೇ ಇರುತ್ತದೆ. ನಮ್ಮನೆಯಲ್ಲಿ ಒಮ್ಮೆ ಅತ್ತೆ ಅದನ್ನು ಹೆಚ್ಚುಮಣೆಯವರೆಗೂ ತಂದಿದ್ದರು. ಕಣ್ಣಲ್ಲಿ ನೀರು ಬರಲಿಲ್ಲ ಎಂಬ ಅನುಮಾನದಿಂದ ನನ್ನನ್ನು ಕರೆದು ಕೇಳಿದ್ದಕ್ಕೆ ಆ ದಿನದ ಸಾಂಬಾರು ಉಳಿಯಿತು.